‘ರನ್’ ಎಂಬ ಒಂದು ಕ್ರಿಯಾಪದ

(ಶತಮಾನೋತ್ಸವದ ಅಂಗವಾಗಿ ಜರಗಿದ ರಕ್ಷಕ-ಶಿಕ್ಷಕ ಸಮಾವೇಶದಲ್ಲಿ ಇಂಗ್ಲಿಷ್ ಅಧ್ಯಾಪಕರ ಪರವಾಗಿ ಮಾಡಿದ ಭಾಷಣ)



ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಮುಂದೆ ಇಂಗ್ಲಿಷಿನಲ್ಲಿ ಹಿಂದುಳಿಯುವರೇನೋ ಎಂಬ ಆತಂಕವನ್ನು ರಕ್ಷಕರು ನಮ್ಮೊಡನೆ ಪದೇ ಪದೇ ತೋಡಿಕೊಳ್ಳುತ್ತಾರೆ. ಅದು ನಿರಾಧಾರವೆಂದು ನಾವು ಹೇಳಲಾರೆವು. ಆದರೆ ಕಷ್ಟವು ಎಲ್ಲಿ ಅಡಗಿದೆ ಎಂಬುದನ್ನು ಒಂದೇ ಒಂದು ಕ್ರಿಯಾಪದವನ್ನು ಮುಂದಿಟ್ಟುಕೊಂಡು ಪರಿಶೀಲಿಸಬಯಸುತ್ತೇವೆ. ಅದು ‘ರನ್’. ಓಡು ಎಂಬ ಅದರ ಅರ್ಥವನ್ನು ಸಣ್ಣ ತರಗತಿಯ ಮಗುವೂ ಬಲ್ಲದು.

1928ರಲ್ಲಿ ಪೂರ್ಣಗೊಂಡ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಅತಿ ಹೆಚ್ಚು ಪುಟಗಳನ್ನು ಆಕ್ರಮಿಸಿದ್ದುದು ‘ಸೆಟ್’ ಎಂಬ ಕ್ರಿಯಾಪದ. ಈಚಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದಿಕ್ಕಿತು. ನಿಘಂಟುಕಾರರು ಈ ಒಂದು ಕ್ರಿಯಾಪದಕ್ಕೆ 645 ಅರ್ಥಗಳನ್ನು ಗುರುತಿಸಿದ್ದಾರೆ. ರೈಲು, ಯಂತ್ರ, ಕಂಪ್ಯೂಟರು ಒಂದೊಂದಾಗಿ ಬಂದಂತೆ ಅರ್ಥಗಳೂ ಬೆಳೆದವು.

ಕೆಲವನ್ನಷ್ಟೇ ನೋಡೋಣ. ಚಂದ್ರಗಿರಿ ಹೊಳೆ ‘ರನ್’ ಆದರೆ ಹರಿಯುತ್ತದೆ. ನೆಗಡಿಯಾದ ಮಗುವಿನ ಮೂಗು ‘ರನ್’ ಆದರೆ ಸೋರುತ್ತದೆ. ಹೊಸ ಬಟ್ಟೆಯ ಬಣ್ಣ ‘ರನ್’ ಆದರೆ ಬಿಡುತ್ತದೆ. ಮನೆಯಲ್ಲಿ ಅಕ್ಕಿ ‘ರನ್ ಔಟ್’ ಆಯಿತೆಂದರೆ ಮುಗಿಯಿತು ಎಂದರ್ಥ. ಕ್ರಿಕೆಟ್ ಬಲ್ಲ ಹುಡುಗರು ಇಲ್ಲಿ ನಗದೆ ಇರುವುದಿಲ್ಲ. ಅಮೆರಿಕದಲ್ಲಿ ಅಭ್ಯರ್ಥಿಯು ಚುನಾವಣೆಗೆ ‘ಓಡುತ್ತಾನೆ’, ಬ್ರಿಟನ್ನಿನಲ್ಲಿ ‘ನಿಲ್ಲುತ್ತಾನೆ’. ನಾವೂ ನಿಲ್ಲುವವರೇ.

ಇನ್ನು, ಶಾಲೆಯನ್ನು ‘ರನ್’ ಮಾಡುವುದು. ಇಂಗ್ಲಿಷಿನವರು ಓಡಿಸುವ ಶಾಲೆಯನ್ನು ನಾವು ನಡೆಸುತ್ತೇವೆ. ನಮ್ಮ ಮಕ್ಕಳು ಅಂಗಡಿ ಬಾಗಿಲಲ್ಲಿ ಕೇಳುವ ಮಲಯಾಳದಲ್ಲಿ ಇದು ‘ನಡತ್ತುಕ’, ಮನೆಯ ತುಳುವಿನಲ್ಲಿ ‘ನಡಪಾವುನಿ’. ಮೂರರಲ್ಲಿಯೂ ಇರುವುದು ನಡಿಗೆಯೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕವೂ ಈ ಶಾಲೆ ನಡೆದುಬಂದಿದೆ. ಓಡಿತೆಂದು ಯಾರೂ ಹೇಳಲಾರರು.

ಮಕ್ಕಳು ಎಡವುವ ಸ್ಥಳವೊಂದಿದೆ. ಕನ್ನಡದಲ್ಲಿ ಓಡು ಎಂಬುದು ಓಡಿಸು ಎಂದಾಗುತ್ತದೆ, ನಡೆ ಎಂಬುದು ನಡೆಸು ಎಂದಾಗುತ್ತದೆ. ಕೆಲಸ ಮಾಡಿಸುವ ಅರ್ಥವನ್ನು ಪ್ರತ್ಯಯವೇ ಸಾರುತ್ತದೆ. ಇಂಗ್ಲಿಷಿನ ‘ರನ್’ ಯಾವ ಪ್ರತ್ಯಯವನ್ನೂ ತಾಳದೆ ಎರಡೂ ಕೆಲಸ ಮಾಡುತ್ತದೆ. ಆದ್ದರಿಂದ ‘ನನ್ನ ಮಾವ ಬಸ್ಸು ಓಡಿಸುತ್ತಾರೆ’ ಎಂಬುದನ್ನು ಮಗು ‘ಮೈ ಅಂಕಲ್ ರನ್ಸ್ ಎ ಬಸ್’ ಎಂದು ಬರೆಯುತ್ತದೆ. ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ; ಆದರೆ ಚಾಲಕನಾದ ಮಾವ ಬಸ್ಸಿನ ಧಣಿಯಾಗಿಬಿಡುತ್ತಾನೆ! ಅಲ್ಲಿ ‘ಡ್ರೈವ್’ ಬೇಕು. ಇಂತಹ ವಾಕ್ಯವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರೆ ಸಾಲದು. ಮಗು ಯಾವ ಕನ್ನಡ ಪದದಿಂದ ಅಲ್ಲಿಗೆ ಬಂದಿತೆಂದು ಕೇಳಬೇಕು. ಆ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಮಗುವಿಗೆ ಕನ್ನಡ ಚೆನ್ನಾಗಿ ಬರುತ್ತಿರಬೇಕು.

645 ಅರ್ಥಗಳನ್ನು ಕೇಳಿ ಎದೆಗುಂದಬೇಕಾಗಿಲ್ಲ. ಅಂಗಿ ಹಾಕು, ಉಪ್ಪು ಹಾಕು, ಬಾಗಿಲು ಹಾಕು, ಸಹಿ ಹಾಕು, ಲೆಕ್ಕ ಹಾಕು, ಮತ ಹಾಕು. ಇವಕ್ಕೆಲ್ಲ ಇಂಗ್ಲಿಷಿನಲ್ಲಿ ಬೇರೆ ಬೇರೆ ಕ್ರಿಯಾಪದಗಳು ಬೇಕು. ನಮ್ಮ ಮಗು ಶಾಲೆಗೆ ಸೇರುವ ಮೊದಲೇ ಇವುಗಳಲ್ಲಿ ಹಲವನ್ನು ತಪ್ಪಿಲ್ಲದೆ ಆಡುತ್ತಿರುತ್ತದೆ. ಅರ್ಥಗಳ ಪಟ್ಟಿಯನ್ನು ಅದಕ್ಕೆ ಯಾರೂ ಬಾಯಿಪಾಠ ಮಾಡಿಸಲಿಲ್ಲ. ಕ್ರಿಯಾಪದವನ್ನು ಅದರ ಜತೆಯ ನಾಮಪದದೊಡನೆಯೇ ಅದು ಕೇಳಿಸಿಕೊಂಡಿತು. ಇಂಗ್ಲಿಷನ್ನೂ ಹಾಗೆಯೇ ಕಲಿಸಬೇಕೆಂಬುದು ನಮ್ಮ ಅಭಿಮತ. ಭೂತಕಾಲದಲ್ಲಿ ‘ರ‍್ಯಾನ್’, ‘ಹ್ಯಾವ್’ ಜತೆಗೆ ಮತ್ತೆ ‘ರನ್’ ಎಂಬುದನ್ನು ಮಾತ್ರ ಬಾಯಿಪಾಠ ಮಾಡಲೇಬೇಕು, ಅದಕ್ಕೆ ಬೇರೆ ಉಪಾಯವಿಲ್ಲ.

ರಕ್ಷಕರಲ್ಲಿ ನಮ್ಮದೊಂದು ವಿನಂತಿ. ಮನೆಯಲ್ಲಿ ಪದ ಮತ್ತು ಅರ್ಥವನ್ನು ಎದುರುಬದುರು ಬರೆಯಿಸುವ ಪುಸ್ತಕವನ್ನು ಬದಿಗಿಡಿ. ಮಗು ಕಲಿತ ಕ್ರಿಯಾಪದವನ್ನು ಇಡೀ ವಾಕ್ಯದಲ್ಲಿ ಹೇಳಲಿ; ಅದೇ ಮಾತನ್ನು ಕನ್ನಡದಲ್ಲಿ ಏನೆನ್ನುವಿರೆಂದು ನಿಮ್ಮನ್ನು ಕೇಳಲಿ. ಇಂಗ್ಲಿಷ್ ಬಾರದ ತಾಯಂದಿರೂ ಅಜ್ಜಂದಿರೂ ಈ ಪಾಠದಲ್ಲಿ ಗುರುಗಳಾಗಬಲ್ಲರು. ‘ಮೂಗು ಓಡುತ್ತದೆ’ ಎಂದು ಮಗು ಹೇಳಿದಾಗ ‘ಸೋರುತ್ತದೆ ಎನ್ನು ಮಗಾ’ ಎಂದು ತಿದ್ದಬಲ್ಲವರು ಅವರೇ ತಾನೆ?