ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮೊಬೈಲ್ ಯಾರ ಕೈಯಲ್ಲಿರಬೇಕು?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಶಿಕ್ಷಣದ ಸಭೆಯಲ್ಲಿ ಆಪರೇಷನ್ನಿನ ಮಾತೇಕೆ ಎಂದು ತಮಗೆ ಅನಿಸಬಹುದು. ನಾನು ಡಾಕ್ಟರನಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಆದರೆ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ನನ್ನನ್ನು ಈ ವಿಷಯದ ಬೆನ್ನು ಹತ್ತುವಂತೆ ಮಾಡಿತು. ಅದನ್ನೇ ಮೊದಲು ಹೇಳುತ್ತೇನೆ.

ಸವದತ್ತಿ ತಾಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ಅಕ್ಕನಿಗೆ ಗರ್ಭಕೋಶದ ಆಪರೇಷನ್ ಆಯಿತು. ಐದನೆಯ ದಿನ ಡಿಸ್ಚಾರ್ಜ್ ಮಾಡಿದರು. ಹೊರಡುವಾಗ ಆಸ್ಪತ್ರೆಯವರು ಅಕ್ಕನ ಮಗನ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟರು. ದಿನಾ ಅದು ಪ್ರಶ್ನೆ ಕೇಳುತ್ತದೆ, ಉತ್ತರ ಒತ್ತಿರಿ, ಬೇಕಾದರೆ ಗಾಯದ ಫೋಟೋ ಕಳಿಸಿರಿ ಎಂದರು. ಒಳ್ಳೆಯ ವ್ಯವಸ್ಥೆ ಎಂದು ನಾನೂ ಮೆಚ್ಚಿಕೊಂಡೆ.

ಹುಡುಗ ಬೆಳಿಗ್ಗೆ ಗ್ಯಾರೇಜಿಗೆ ಹೋದರೆ ರಾತ್ರಿ ಬರುವವನು. ಫೋನೂ ಅವನ ಜೊತೆಗೇ ಹೋಗುತ್ತಿತ್ತು. ರಾತ್ರಿ ಬಾಗಿಲ ಹೊರಗೆ ನಿಂತು "ಅಮ್ಮೀ, ಆರಾಮ ಅದಿಯಲ್ಲ?" ಎಂದು ಕೇಳುವುದು, ಆಕೆ ಒಳಗಿನಿಂದ "ಹೂಂ, ಆರಾಮ" ಎನ್ನುವುದು, ಇವನು ಇಂಗ್ಲಿಷಿನಲ್ಲಿದ್ದ ಪ್ರಶ್ನೆಗಳಿಗೆಲ್ಲ 'ನೋ' ಎಂದು ಒತ್ತುವುದು. ಮೂರು ದಿನ ಹೀಗೇ ನಡೆಯಿತು. ಆಸ್ಪತ್ರೆಯ ಲೆಕ್ಕದಲ್ಲಿ ರೋಗಿ ಚೆನ್ನಾಗಿ ಚೇತರಿಸಿಕೊಳ್ಳುತ್ತಿದ್ದಳು.

ನಾಲ್ಕನೆಯ ದಿನ ಪಿಯುಸಿ ಓದುವ ಮಗಳು ತಾಯಿಯ ಬಟ್ಟೆ ಬದಲಿಸುವಾಗ ಸೀರೆಯ ಅಂಚಿನಲ್ಲಿ ಹಳದಿ ಕಲೆ ಕಂಡಳು. ಫೋಟೋ ತೆಗೆಯೋಣವೆಂದರೆ ಅಕ್ಕ ಒಪ್ಪಲಿಲ್ಲ. "ಹುಡುಗನ ಫೋನಿನ್ಯಾಗ ನನ್ನ ಹೊಟ್ಟಿ ಫೋಟೋನಾ? ಸುಮ್ಮಕಿರು" ಎಂದಳಂತೆ. ಹುಡುಗಿ ರಾತ್ರಿ ನನಗೆ ಫೋನ್ ಮಾಡಿದಳು. "ಮಾಮು, ಹೊಲಿಗಿ ಬಾಯಿ ಬಿಟ್ಟಂಗ ಕಾಣಸ್ತದ, ಮೈಯೂ ಬಿಸಿ ಅದ." ಎಷ್ಟು ಜ್ವರ ಎಂದು ಕೇಳಿದೆ. ಮನೆಯಲ್ಲಿ ಥರ್ಮಾಮೀಟರ್ ಇರಲಿಲ್ಲ. ಕೊನೆಗೆ ನೆರೆಮನೆಯ ಟೀಚರಮ್ಮನ ಫೋನಿನಿಂದ ಫೋಟೋ ತೆಗೆದು ಕಳಿಸಿದ್ದಾಯಿತು. 'ನಿಮ್ಮ ಸಂದೇಶ ತಲುಪಿದೆ' ಎಂಬ ಉತ್ತರ ಕೂಡಲೇ ಬಂತು. ಅದು ಯಂತ್ರದ ಉತ್ತರ. ಮರುದಿನ ಭಾನುವಾರ, ಮನುಷ್ಯರ ಉತ್ತರ ಬರಲೇ ಇಲ್ಲ. ಸೋಮವಾರ ನಸುಕಿನಲ್ಲಿ ಗಾಡಿ ಮಾಡಿಕೊಂಡು ನಾವೇ ಹೋದೆವು. ಕೀವು ತೆಗೆದು, ಮೂರು ವಾರ ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಿಸಬೇಕಾಯಿತು. ಅಲ್ಲಾಹನ ದಯೆಯಿಂದ ಅಕ್ಕ ಈಗ ಆರೋಗ್ಯವಾಗಿದ್ದಾಳೆ.

ಈ ಸಂಗತಿಯಲ್ಲಿ ಆ್ಯಪ್ ಕೆಟ್ಟಿರಲಿಲ್ಲ. ಗಾಯ ತಾಯಿಯದು, ಗಾಯ ನೋಡುವವಳು ಮಗಳು, ಫೋನು ಮಾತ್ರ ಮಗನ ಕಿಸೆಯಲ್ಲಿ. ನಾನು ಇಂದು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಮನೆಯ ಆರೈಕೆ ಏಕೆ ಇಷ್ಟು ಮುಖ್ಯವಾಯಿತೆಂದರೆ, ಈಗ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವ ದಿನಗಳು ಕಡಿಮೆಯಾಗಿವೆ. ಕಣ್ಣಿನ ಪೊರೆಯವರು ಅಂದೇ ಮನೆಗೆ ಬರುತ್ತಾರೆ. ಸಿಸೇರಿಯನ್ ಆದವರು ಕೆಲವೇ ದಿನಗಳಲ್ಲಿ ಬರುತ್ತಾರೆ. ಆಪರೇಷನ್ ಗಾಯದ ಸೋಂಕನ್ನು ವೈದ್ಯರು ಸಾಮಾನ್ಯವಾಗಿ 30 ದಿನಗಳವರೆಗೆ ಗಮನಿಸುತ್ತಾರೆ. ಅಂದರೆ ಸೋಂಕು ಕಾಣಿಸಿಕೊಳ್ಳಬಹುದಾದ ಹೆಚ್ಚಿನ ದಿನಗಳು ನಮ್ಮ ಪಡಸಾಲೆಯಲ್ಲೇ ಕಳೆಯುತ್ತವೆ. ಕಿತ್ತೂರಿನವರು ಹೆದ್ದಾರಿಯ ಮೇಲಿದ್ದಾರೆ, ಧಾರವಾಡಕ್ಕೋ ಬೆಳಗಾವಿಗೋ ಬಸ್ಸು ಸಿಕ್ಕೀತು. ರಾಮದುರ್ಗದವರಿಗೆ ಬೆಳಗಾವಿ ನೂರು ಕಿಲೋಮೀಟರಿನ ಆಸುಪಾಸು. ಸವದತ್ತಿ ಕಡೆಯ ಬಸ್ಸುಗಳು ಹುಣ್ಣಿಮೆಯ ದಿನ ಹೇಗಿರುತ್ತವೆಂದು ತಾವು ಬಲ್ಲಿರಿ, ಹೊಲಿಗೆ ಹಾಕಿದ ಹೊಟ್ಟೆ ಹೊತ್ತು ಅದರಲ್ಲಿ ಹತ್ತುವುದು ಆಗದ ಮಾತು. ಸುಮ್ಮನೆ ತೋರಿಸಿ ಬರಲು ಒಂದು ದಿನದ ಕೂಲಿ, ಜೊತೆಗೆ ಬಂದವರ ಕೂಲಿ, ಬಾಡಿಗೆ ಗಾಡಿ. ಹೀಗಾಗಿ ಜನ ಹೋಗುವುದೇ ಇಲ್ಲ, ಹೋದಾಗ ತಡವಾಗಿರುತ್ತದೆ. ಇಲ್ಲಿ ಫೋನಿಗೆ ನಿಜವಾದ ಕೆಲಸವಿದೆ.

ಹೊರದೇಶಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ತುರ್ತು ಹೊಟ್ಟೆ ಆಪರೇಷನ್ ಆದ 492 ಜನರ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರು ಫೋನಿನಲ್ಲಿ ಪ್ರಶ್ನೆಗಳಿಗೆ ಉತ್ತರಿಸಿ ಗಾಯದ ಫೋಟೋ ಕಳಿಸಿದರು, ಇನ್ನೊಂದು ಗುಂಪಿಗೆ ಎಂದಿನ ಆರೈಕೆ. ಮೊದಲ ಏಳು ದಿನಗಳಲ್ಲೇ ಸೋಂಕು ಪತ್ತೆಯಾಗುವ ಸಾಧ್ಯತೆ ಫೋನ್ ಗುಂಪಿನಲ್ಲಿ 3.7 ಪಟ್ಟು ಹೆಚ್ಚಿತ್ತು. ಒಟ್ಟಾರೆ ಪತ್ತೆಯಾಗುವ ಸಮಯದಲ್ಲಿ ಮಾತ್ರ ಖಚಿತವಾದ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಅದು ಬೇರೆ ಲೋಕ, ಅಲ್ಲಿ ರೋಗಿಯ ಫೋನು ರೋಗಿಯ ಕೈಯಲ್ಲೇ ಇರುತ್ತದೆ. ನಮಗೆ ಹತ್ತಿರವಾದದ್ದು ಆಫ್ರಿಕಾದ ರುವಾಂಡಾ. ಅಲ್ಲಿಯ ಕಿರೇಹೆ ಜಿಲ್ಲೆಯಲ್ಲಿ ಸಿಸೇರಿಯನ್ ಆದ ತಾಯಂದಿರ ಮನೆಗೆ ನಮ್ಮ ಆಶಾಗಳಂಥ ಕಾರ್ಯಕರ್ತೆಯರು ಹೋಗಿ, ಪ್ರಶ್ನೆ ಕೇಳಿ, ಗಾಯದ ಫೋಟೋ ತೆಗೆಯುವ ಪದ್ಧತಿಯನ್ನು ಪ್ರಯೋಗಿಸಿದ್ದಾರೆ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮದೇ ಬೆಳಗಾವಿ ಜಿಲ್ಲೆಯಲ್ಲಿ ಮತ್ತು ಬಾಗಲಕೋಟೆಯಲ್ಲಿ 2014ರಿಂದ 2016ರವರೆಗೆ 'ಕ್ಲಿಪ್' ಎಂಬ ದೊಡ್ಡ ಅಧ್ಯಯನ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅದರಲ್ಲಿದ್ದರು. ಅದು ಆಪರೇಷನ್ನಿಗೆ ಸಂಬಂಧಿಸಿದ್ದಲ್ಲ, ಗರ್ಭಿಣಿಯರ ರಕ್ತದೊತ್ತಡಕ್ಕೆ ಸಂಬಂಧಿಸಿದ್ದು. ಆಶಾಗಳು ಮತ್ತು ಎಎನ್ಎಂಗಳು ಮನೆಗೆ ಹೋಗಿ ಬಿ.ಪಿ. ನೋಡಿ 'ಪಿಯರ್ಸ್ ಆನ್ ದಿ ಮೂವ್' ಎಂಬ ಆ್ಯಪ್‌ನಲ್ಲಿ ತುಂಬುತ್ತಿದ್ದರು. ಅಪಾಯವಿದ್ದರೆ ಆಸ್ಪತ್ರೆಗೆ ಕಳಿಸಿರಿ ಎಂದು ಆ್ಯಪ್ ಸೂಚಿಸುತ್ತಿತ್ತು. ಹಳ್ಳಿಯ ಹೆಣ್ಣುಮಕ್ಕಳು ಇಂಥದ್ದನ್ನು ಬಳಸಬಲ್ಲರೆ ಎಂಬ ಸಂಶಯ ಅಲ್ಲಿಗೆ ತೀರಿತು. ಆದರೆ 2020ರಲ್ಲಿ ಬಂದ ಫಲಿತಾಂಶದಲ್ಲಿ ತಾಯಿ ಮಕ್ಕಳ ಸಾವು ನೋವು ಒಟ್ಟಾರೆಯಾಗಿ ಕಡಿಮೆಯಾಗಿರಲಿಲ್ಲ. ಹೆಚ್ಚು ಸಲ, ಎಂಟು ಅಥವಾ ಅದಕ್ಕಿಂತ ಹೆಚ್ಚು ಭೇಟಿ ಸಿಕ್ಕವರಲ್ಲಿ ಮಾತ್ರ ಪರಿಣಾಮ ಉತ್ತಮವಾಗಿ ಕಂಡಿತು. ನನ್ನಂಥ ಮಾಸ್ತರನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಕಂಪ್ಯೂಟರ್ ತರಿಸಿ ಕೋಣೆಗೆ ಬೀಗ ಹಾಕಿದ ಶಾಲೆಗಳನ್ನು ನಾನು ನೋಡಿದ್ದೇನೆ.

ಇನ್ನೊಂದು ದಾರಿಯನ್ನು ಕರ್ನಾಟಕದಲ್ಲೇ ಹಾಕಿಕೊಟ್ಟಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಬಂದು, ವರಾಂಡದಲ್ಲಿ ದಿನಗಟ್ಟಲೆ ಕಾಯುತ್ತ ಕೂತ ರೋಗಿಗಳ ಬಂಧುಗಳನ್ನು ನೋಡಿದರು. ಈ ಕಾಯುವವರಿಗೇ ಏಕೆ ಕಲಿಸಬಾರದು ಎಂಬ ವಿಚಾರದಿಂದ 2014ರಲ್ಲಿ 'ನೂರಾ ಹೆಲ್ತ್' ಸಂಸ್ಥೆ ಹುಟ್ಟಿತು. ಕೈ ತೊಳೆಯುವುದು, ಗಾಯ ನೋಡಿಕೊಳ್ಳುವುದು, ಯಾವಾಗ ಗಾಬರಿಯಾಗಬೇಕು ಎಂಬುದನ್ನು ನರ್ಸುಗಳು ವಾರ್ಡಿನಲ್ಲೇ ಮನೆಯವರಿಗೆ ಕಲಿಸಿಕೊಡುತ್ತಾರೆ. ಮನೆಗೆ ಹೋದ ಮೇಲೆ ವಾಟ್ಸಾಪ್ ಮೂಲಕ ಅವರ ಭಾಷೆಯಲ್ಲೇ ಸಂದೇಶಗಳು ಬರುತ್ತವೆ. ಕರ್ನಾಟಕದ ಸರಕಾರಿ ಆಸ್ಪತ್ರೆಗಳಿಗೂ ಈ ಕ್ರಮ ಬಂದಿದೆ. ಇಲ್ಲಿ ಪಾಠ ಮೊದಲು, ಫೋನು ಆಮೇಲೆ. ಆ ಕ್ರಮ ನನಗೆ ಹಿಡಿಸಿತು.

ಹಾಗಾದರೆ ನಮ್ಮ ನಾಲ್ಕು ತಾಲೂಕಿನಲ್ಲಿ ಏನು ಮಾಡಬಹುದು? ಡಿಸ್ಚಾರ್ಜ್ ಆಗುವಾಗ ಆ್ಯಪ್ ಹಾಕಿಕೊಟ್ಟರೆ, 'ಆ ಕಡೆ ಓದುವವರು ಯಾರು, ರಜೆಯ ದಿನ ಯಾರು' ಎಂದು ಕೇಳಬೇಕು. ಉತ್ತರ ಸಿಗದಿದ್ದರೆ ವಾರ್ಡಿನ ಸಿಸ್ಟರ್ ನಂಬರನ್ನಾದರೂ ಕಾಗದದ ಮೇಲೆ ಬರೆಸಿಕೊಳ್ಳಬೇಕು. ಆ್ಯಪನ್ನು ಗಾಯ ನೋಡುವವರ ಫೋನಿನಲ್ಲಿ ಹಾಕಿಸಬೇಕು. ಅವರಿಗೆ ಫೋನಿಲ್ಲದಿದ್ದರೆ ಆ ಮೂವತ್ತು ದಿನ ಮಗನ ಫೋನು ಮನೆಯಲ್ಲಿರಲಿ. ಗಂಡುಮಕ್ಕಳು ಇಲ್ಲಿ ನಗುತ್ತಿದ್ದೀರಿ, ನನಗೆ ಕಾಣುತ್ತಿದೆ. ರೀಲ್ಸು ಒಂದು ತಿಂಗಳು ತಡೆದುಕೊಳ್ಳುತ್ತವೆ.

ಫೋಟೋ ವಿಷಯದಲ್ಲಿ ಅಕ್ಕನ ಸಂಕೋಚವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದು ಅವಳ ಹಕ್ಕು. ಗಾಯದ ಜಾಗ ಮಾತ್ರ ಕಾಣುವಂತೆ ಉಳಿದದ್ದನ್ನು ಬಟ್ಟೆಯಿಂದ ಮುಚ್ಚಿ, ಮುಖ ಬಾರದಂತೆ, ಹಗಲು ಬೆಳಕಿನಲ್ಲಿ ತೆಗೆಯಬೇಕು. ಆಸ್ಪತ್ರೆಗೆ ಕಳಿಸಿದ ಮೇಲೆ ಫೋನಿನಿಂದ ಅಳಿಸಬೇಕು, ಅಳಿಸಿದ ಫೋಟೋಗಳು ಉಳಿಯುವ ಕಡತದಿಂದಲೂ ತೆಗೆಯಬೇಕು. ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವ ಮಾತೇ ಬೇಡ. 2023ರಲ್ಲಿ ದೇಶದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೇ ಬಂದಿದೆ. ಆದರೆ ಮನೆಯೊಳಗಿನ ಮರ್ಯಾದೆಯನ್ನು ಕಾಯ್ದೆ ಕಾಯುವುದಿಲ್ಲ, ಫೋನ್ ಹಿಡಿದ ಹುಡುಗಿ ಕಾಯಬೇಕು. ಇನ್ನೊಂದು ಮಾತು, ಕಪ್ಪು ಮೈಬಣ್ಣದವರಲ್ಲಿ ಗಾಯದ ಸುತ್ತಲಿನ ಕೆಂಪು ಫೋಟೋದಲ್ಲಿ ಸರಿಯಾಗಿ ಕಾಣುವುದಿಲ್ಲ. ಕೈಯ ಹಿಂಬದಿಯಿಂದ ಮುಟ್ಟಿ ಬಿಸಿ ಇದೆಯೇ, ಬಾವು ಇದೆಯೇ, ನೋವು ದಿನದಿಂದ ದಿನಕ್ಕೆ ಹೆಚ್ಚುತ್ತಿದೆಯೇ, ವಾಸನೆ ಬರುತ್ತಿದೆಯೇ ಎಂದು ನೋಡಿ ಬರೆಯಬೇಕು. ಜ್ವರ 100.4 ಡಿಗ್ರಿ ದಾಟಿದರೆ ತಿಳಿಸಲೇಬೇಕು. ಅದಕ್ಕೆ ಮನೆಯಲ್ಲಿ ಥರ್ಮಾಮೀಟರ್ ಇರಬೇಕು, ಅದರ ಬೆಲೆ ಒಂದು ಬಿರಿಯಾನಿಗಿಂತ ಹೆಚ್ಚಲ್ಲ. ಅರಿಶಿನ, ಬೂದಿ, ಪೌಡರ್ ಗಾಯಕ್ಕೆ ಹಚ್ಚಬಾರದು. ಫೋಟೋವನ್ನು ಮೆಡಿಕಲ್ ಶಾಪಿನವರಿಗೆ ತೋರಿಸಿ ಆಂಟಿಬಯಾಟಿಕ್ ತರಬಾರದು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ರಕ್ತ ನಿಲ್ಲದಿದ್ದರೆ ಆ್ಯಪ್ ತೆರೆಯುತ್ತ ಕೂಡಬಾರದು, 108ಕ್ಕೆ ಫೋನ್ ಮಾಡಬೇಕು. ಒಂದೇ ಕಾಲಿನ ಮೀನಖಂಡ ಬಾತು ನೋವಾದರೆ ಅಂದೇ ಡಾಕ್ಟರಿಗೆ ತೋರಿಸಬೇಕು. ತುರ್ತಲ್ಲದ ಸಂದೇಹಗಳಿಗೆ 2020ರಲ್ಲಿ ಕೇಂದ್ರ ಸರಕಾರ ಮನೆಯಿಂದಲೇ ವೈದ್ಯರನ್ನು ಕಾಣಲು ತೆರೆದ 'ಇ-ಸಂಜೀವಿನಿ' ಇದೆ. ಆದರೆ ಕೊಯ್ದ ಕೈಗೆ ಗೊತ್ತಿರುವುದು ಬೇರೆಯವರಿಗೆ ಗೊತ್ತಿರುವುದಿಲ್ಲ, ಆದ್ದರಿಂದ ಆಪರೇಷನ್ ಮಾಡಿದವರನ್ನೇ ಮೊದಲು ಕೇಳುವುದು ಲೇಸು.

ಆ್ಯಪ್ ಮಾಡಿದವರಿಗೆ ತಿಳಿಯದ ಪ್ರಶ್ನೆಗಳು ನಮ್ಮಲ್ಲಿವೆ. ಕಣ್ಣಿನ ಪೊರೆ ತೆಗೆಸಿಕೊಂಡ ಅಜ್ಜ ಸಜ್ದಾ ಮಾಡಬಹುದೆ? ಕೆಲವು ದಿನ ತಲೆ ಕೆಳಗೆ ಬಾಗಿಸಬೇಡಿ ಎಂದು ಡಾಕ್ಟರು ಹೇಳಿರುತ್ತಾರೆ, ಅಜ್ಜ ಕೇಳದೆ ಬಾಗುತ್ತಾನೆ. ಕಾಯಿಲೆಯವರು ಕುರ್ಚಿಯ ಮೇಲೆ ಕೂತು ಸನ್ನೆಯಿಂದ ನಮಾಜು ಮಾಡಬಹುದೆಂದು ಮೌಲ್ವಿ ಸಾಹೇಬರು ಒಂದು ಮಾತು ಹೇಳಿದರೆ ಕಣ್ಣು ಉಳಿಯುತ್ತದೆ. ರಮಜಾನ್ ತಿಂಗಳಲ್ಲಿ ಮೂರು ಹೊತ್ತಿನ ಗುಳಿಗೆಯ ಗತಿಯೇನು? ಹರ್ನಿಯಾ ಆಪರೇಷನ್ ಆದ ರಾಮದುರ್ಗದ ನೇಕಾರ ಮಗ್ಗಕ್ಕೆ ಎಂದು ಕೂಡಬೇಕು, ಬೈಲಹೊಂಗಲದ ಹಮಾಲ ಹತ್ತಿಯ ಅಂಡಿಗೆಗೆ ಎಂದು ಬೆನ್ನು ಕೊಡಬೇಕು? 'ಲಘು ಚಟುವಟಿಕೆ ಆರಂಭಿಸಬಹುದು' ಎಂಬ ಸಂದೇಶ ಅವರಿಗೆ ಏನೂ ಹೇಳುವುದಿಲ್ಲ. ಡಿಸ್ಚಾರ್ಜಿಗೆ ಮುಂಚೆ ಕಸುಬಿನ ಹೆಸರು ಹೇಳಿಯೇ ಕೇಳಬೇಕು. ಭಾಷೆಯ ತೊಡಕೂ ಇದೆ. ನಮ್ಮ ಅಕ್ಕ ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ ಆಡುತ್ತಾಳೆ, ಓದುವುದು ಎರಡರಲ್ಲೂ ಕಷ್ಟ. ಅವಳಂಥವರಿಗೆ ಬರೆದ ಸಂದೇಶಕ್ಕಿಂತ ಧ್ವನಿ ಸಂದೇಶ ಲೇಸು. ಅದನ್ನು ಕೇಳಿಸುವ ಕೆಲಸ ಶಾಲೆಗೆ ಹೋಗುವ ಮಕ್ಕಳದು.

ಸಂಘದ ಮುಂದೆ ನನ್ನದೊಂದು ಚಿಕ್ಕ ಬೇಡಿಕೆ. ಪ್ರತಿ ತಾಲೂಕಿನಿಂದ ಹತ್ತು ವಿದ್ಯಾರ್ಥಿನಿಯರನ್ನು ಆರಿಸಿ, ಅನುಭವಿ ನರ್ಸೊಬ್ಬರನ್ನು ಕರೆಸಿ ಎರಡು ಭಾನುವಾರ ಗಾಯದ ಆರೈಕೆಯ ಪಾಠ ಮಾಡಿಸಬೇಕು. ಅವರಿಗೆ ತಲಾ ಒಂದು ಥರ್ಮಾಮೀಟರ್ ಕೊಡಬೇಕು. ಅವರ ಓಣಿಯಲ್ಲಿ ಯಾರದಾದರೂ ಆಪರೇಷನ್ ಆದರೆ, ಯಾವ ಜಾತಿ ಧರ್ಮದವರೇ ಇರಲಿ, ಒಂದು ತಿಂಗಳು ಹೋಗಿ ನೋಡಿ ಬರಲಿ. ಅವರು ಔಷಧ ಹೇಳುವುದು ಬೇಡ, ನೋಡಿದ್ದನ್ನು ಸರಿಯಾಗಿ ತಿಳಿಸಿದರೆ ಸಾಕು. ಆಶಾ ಕಾರ್ಯಕರ್ತೆಯರಿಗೆ ಮೊದಲೇ ಹೇಳಿಡಬೇಕು, ಇಲ್ಲವಾದರೆ ಅವರ ಕೆಲಸಕ್ಕೆ ಅಡ್ಡ ಬಂದಂತಾಗುತ್ತದೆ. ಥರ್ಮಾಮೀಟರುಗಳ ಖರ್ಚು ನನ್ನ ಪಿಂಚಣಿಯಿಂದ ಕೊಡುತ್ತೇನೆ.

ಮೊದಲ ಹೆಸರು ಬಂದಿದೆ, ಅಕ್ಕನ ಮಗಳದ್ದು. ಉಳಿದವರು ಊಟಕ್ಕೆ ಏಳುವ ಮುಂಚೆ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಬೇಕೆಂದು ವಿನಂತಿಸುತ್ತೇನೆ.