ಕಬ್ಬಿನ ಗದ್ದೆಯಲ್ಲಿ ಸಿಹಿಗೆ ಬರ



ಕಬ್ಬಿನ ಗದ್ದೆಯಲ್ಲಿ ಎಲೆಯ ಅಡಿಗೆ ಸಿಕ್ಕಿಸಿದ ಪುಟ್ಟ ರಟ್ಟಿನ ಚೂರನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಅದು ಟ್ರೈಕೋಗ್ರಾಮ ಕಾರ್ಡಿನ ತುಂಡು. ಒಂದು ಪೂರ್ತಿ ಕಾರ್ಡಿನ ಮೇಲೆ ಅಕ್ಕಿ ಪತಂಗದ ಸುಮಾರು 20,000 ಮೊಟ್ಟೆಗಳಿರುತ್ತವೆ. ಅವುಗಳೊಳಗೆ ಬೆಳೆಯುತ್ತಿರುವುದು ಪತಂಗದ ಮರಿಯಲ್ಲ, ಅರ್ಧ ಮಿಲಿಮೀಟರಿನಷ್ಟು ಉದ್ದದ ಕಣಜ. ಹೊರಬಂದ ಹೆಣ್ಣು ಕಣಜವು ಕಬ್ಬಿನ ಕಾಂಡಕೊರಕದ ಮೊಟ್ಟೆಗಳನ್ನು ಹುಡುಕಿ, ಅವುಗಳೊಳಗೆ ತನ್ನ ಮೊಟ್ಟೆ ಇಡುತ್ತದೆ. ಕೊರಕದ ಹುಳು ಹುಟ್ಟುವ ಮೊದಲೇ ಅದರ ಕಥೆ ಮುಗಿಯುತ್ತದೆ. ಹೀಗೆ ಬೇರೆ ಕೀಟದ ಒಡಲಲ್ಲಿ ಬೆಳೆಯುವ ಕಣಜಗಳನ್ನು ಪರೋಪಜೀವಿ ಕಣಜಗಳೆನ್ನುತ್ತೇವೆ.

ಮರಿಗೆ ಊಟ ಸಿಕ್ಕಿತು. ತಾಯಿಯ ಗತಿ ಏನು? ಬೆಳೆದ ಕಣಜಕ್ಕೆ ಬೇಕಾದದ್ದು ಸಕ್ಕರೆ: ಹೂವಿನ ಮಕರಂದ, ಇಲ್ಲವೇ ಹೇನು, ಹಿಟ್ಟುತಿಗಣೆಗಳು ಸ್ರವಿಸುವ ಸಿಹಿ ಅಂಟು. ಕಬ್ಬಿನ ಗದ್ದೆಯಲ್ಲಿ ಸಕ್ಕರೆಗೇನೂ ಕೊರತೆಯಿಲ್ಲ. ಆದರೆ ಅದೆಲ್ಲ ಗಟ್ಟಿ ಜಲ್ಲೆಯೊಳಗೆ ಭದ್ರವಾಗಿದೆ. ಪ್ರಯೋಗಾಲಯದಲ್ಲಿ ಬರೀ ನೀರು ಕುಡಿದ ಟ್ರೈಕೋಗ್ರಾಮ ಎರಡು ಮೂರು ದಿನಗಳಲ್ಲಿ ಸಾಯುತ್ತದೆ. ಜೇನು ಸಿಕ್ಕಿದರೆ ಒಂದು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬದುಕುತ್ತದೆ.

ಇದಕ್ಕೆ ಕಾರಣವೇನು? ಕಣಜವು ಮರಿಯಾಗಿದ್ದಾಗ ಕೂಡಿಸಿಟ್ಟ ಕೊಬ್ಬಿನ ಗಂಟಿನೊಂದಿಗೆ ಹೊರಬರುತ್ತದೆ. ಹಲವು ಜಾತಿಯ ಪರೋಪಜೀವಿ ಕಣಜಗಳು ಬೆಳೆದ ಮೇಲೆ ಸಕ್ಕರೆಯಿಂದ ಹೊಸ ಕೊಬ್ಬನ್ನು ತಯಾರಿಸಿ ಕೂಡಿಡಲಾರವು. ಮೊಟ್ಟೆಗೂ ಹಾರಾಟಕ್ಕೂ ಆ ಗಂಟಿನಿಂದಲೇ ತೆಗೆದರೆ ಅದು ಬೇಗ ಕರಗುತ್ತದೆ. ಸಕ್ಕರೆಯೆಂಬುದು ದಿನಗೂಲಿಯಿದ್ದಂತೆ. ಅಂದಂದಿನ ಖರ್ಚು ಅದರಲ್ಲೇ ಸಾಗುತ್ತದೆ, ಗಂಟು ಉಳಿಯುತ್ತದೆ. ಬದುಕಿದ ಪ್ರತಿ ದಿನವೂ ಇನ್ನಷ್ಟು ಕೀಟಗಳನ್ನು ಹುಡುಕುವ ಅವಕಾಶ.

ಪಪ್ಪಾಯಿ ಹಿಟ್ಟುತಿಗಣೆಯನ್ನು ಹತೋಟಿಗೆ ತರಲು 2010ರಲ್ಲಿ ಪೋರ್ಟೊ ರಿಕೊದಿಂದ ಬೆಂಗಳೂರಿಗೆ ಒಂದು ಪುಟ್ಟ ಕಣಜವನ್ನು ತರಿಸಲಾಯಿತು. ಹಿಪ್ಪುನೇರಳೆ ತೋಟಗಳಿಗೂ ಅದರಿಂದ ಉಪಕಾರವಾಯಿತು. ಇಂಥ ಕಣಜಕ್ಕೆ ಒಂದು ಅನುಕೂಲವಿದೆ. ಅದು ಹುಡುಕುವ ತಿಗಣೆಯ ಸುತ್ತಲೇ ಸಿಹಿ ಅಂಟು ಇರುತ್ತದೆ. ಕೋಸಿನ ಹುಳುವನ್ನು ಹುಡುಕುವ ಕಣಜಕ್ಕೆ ಆ ಭಾಗ್ಯವಿಲ್ಲ. ಕೋಸನ್ನು ಹೂ ಬಿಡುವ ಮೊದಲೇ ಕೊಯ್ಯುತ್ತೇವೆ. ಹುಳುವಂತೂ ಸಿಹಿ ಸ್ರವಿಸುವುದಿಲ್ಲ.

ನೆಂಟರನ್ನು ಕರೆದು ಉಪವಾಸ ಮಲಗಿಸುವುದು ನಮ್ಮ ಪದ್ಧತಿಯಲ್ಲ. ಆದರೂ ಹೊಲದಲ್ಲಿ ಎಷ್ಟೋ ಸಲ ಅದೇ ಆಗುತ್ತದೆ. ದುಡ್ಡು ಕೊಟ್ಟು ಕಾರ್ಡು ತಂದ ರೈತ, ಫಲ ಕಾಣದಿದ್ದಾಗ ಮತ್ತೆ ವಿಷದ ಪಂಪು ಹೆಗಲಿಗೇರಿಸುತ್ತಾನೆ. ಆ ವಿಷಕ್ಕೆ ಅಳಿದುಳಿದ ಕಣಜಗಳೂ ಬಲಿಯಾಗುತ್ತವೆ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಕಣಜಗಳ ಬಾಯಿ ಗಿಡ್ಡ. ಆಳವಾದ ಹೂವಿನ ತಳ ಅವಕ್ಕೆ ಎಟುಕದು. ಕೊತ್ತಂಬರಿಯಂಥ ತೆರೆದ ಹೂಗಳು ಅವಕ್ಕೆ ಅನುಕೂಲ. ಅಲಸಂದೆ, ಹರಳು, ಹತ್ತಿ ಗಿಡಗಳಲ್ಲಿ ಹೂವಿನ ಹೊರಗೂ ಮಕರಂದ ಒಸರುವ ಗ್ರಂಥಿಗಳಿವೆ. ನಮ್ಮ ಹಿರಿಯರು ರಾಗಿ ಹೊಲದಲ್ಲಿ ಅವರೆ, ಸಾಸಿವೆ, ಹರಳಿನ ಅಕ್ಕಡಿ ಸಾಲು ಹಾಕುತ್ತಿದ್ದುದು ಕಣಜಕ್ಕಾಗಿ ಅಲ್ಲ. ಆದರೂ ಅಂಥ ಸಾಲು ಕಣಜಕ್ಕೂ ಊಟದ ಪಂಕ್ತಿಯಾಗಬಲ್ಲದು. ಒಂದು ಎಚ್ಚರಿಕೆ: ಕೆಲವು ಹೂಗಳು ಪೀಡೆಯ ಪತಂಗಗಳಿಗೂ ಮಕರಂದ ಕೊಡುತ್ತವೆ. ಆದ್ದರಿಂದ ಗಿಡವನ್ನು ಪರೀಕ್ಷಿಸಿ ಆರಿಸಬೇಕು.

ಈ ವಿಷಯವನ್ನು ನೀವೇ ಪರೀಕ್ಷಿಸಬಹುದು. ಒಂದು ಕಾರ್ಡಿನ ಎರಡು ಸಣ್ಣ ತುಂಡುಗಳನ್ನು ಎರಡು ಗಾಜಿನ ನಳಿಕೆಗಳಲ್ಲಿಡಿ. ಎರಡಕ್ಕೂ ಒದ್ದೆ ಹತ್ತಿಯ ಬಿರಡೆ ಹಾಕಿ. ಒಂದರ ಒಳಗೋಡೆಗೆ ಮಾತ್ರ ಜೇನಿನ ತೆಳುವಾದ ಗೆರೆ ಎಳೆಯಿರಿ. ಎರಡರಲ್ಲೂ ನೀರು ಏಕೆ? ವ್ಯತ್ಯಾಸ ಕಂಡರೆ ಅದು ಬಾಯಾರಿಕೆಯಿಂದಲ್ಲ, ಹಸಿವಿನಿಂದ ಎಂದು ಹೇಳಲು. ಕಣಜಗಳು ಹೊರಬಂದ ಮೇಲೆ ದಿನಾ ಬೆಳಿಗ್ಗೆ ಭೂತಗನ್ನಡಿ ಹಿಡಿದು, ಬದುಕಿದವು ಎಷ್ಟು, ಸತ್ತವು ಎಷ್ಟು ಎಂದು ಎಣಿಸಿ ಬರೆದಿಡಿ. ನಿಮ್ಮ ನೋಟ್‌ಬುಕ್ಕಿನ ಆ ಎರಡು ಸಾಲು ಅಂಕಿಗಳು, ರೈತನಿಗೆ ಕಾರ್ಡಿನ ಜೊತೆಗೆ ಒಂದು ಹಿಡಿ ಕೊತ್ತಂಬರಿ ಬೀಜವನ್ನೂ ಏಕೆ ಕೊಡಬೇಕೆಂಬುದನ್ನು ಹೇಳುತ್ತವೆ.