ಹಳೇ ಫೋನ್‌ಗಳ ಕೈ ಬಿಡೋದು ಯಾವಾಗ?

ನಿಮ್ಮ ಮನೆಯಲ್ಲೂ ಒಂದು ಹಳೇ ಆಂಡ್ರಾಯ್ಡ್ ಫೋನ್ ಇರಬಹುದು. ನೀವು ಹೊಸದು ತಗೊಂಡಾಗ ಅಮ್ಮನಿಗೋ ಅಜ್ಜಿಗೋ ಕೊಟ್ಟದ್ದು. ಕರೆ ಬರುತ್ತೆ, ವಿಡಿಯೋ ಓಡುತ್ತೆ. ಆದರೆ ಒಂದು ದಿನ ಇದ್ದಕ್ಕಿದ್ದ ಹಾಗೆ ವೆಬ್‌ಸೈಟ್‌ಗಳು 'ಈ ಸಂಪರ್ಕ ಸುರಕ್ಷಿತವಲ್ಲ' ಅನ್ನೋಕೆ ಶುರು ಮಾಡಿದ್ರೆ? ಫೋನ್ ಕೆಟ್ಟಿರಲ್ಲ. ಎಲ್ಲೋ ಯಾರೋ 'ಹಳೇ ಆವೃತ್ತಿಗೆ ಬೆಂಬಲ ಸಾಕು' ಅಂತ ತೀರ್ಮಾನ ಮಾಡಿರ್ತಾರೆ. ಆ ತೀರ್ಮಾನ ಹೇಗಾಗಬೇಕು ಅನ್ನೋದೇ ಇವತ್ತಿನ ಮಾತು.

ಒಂದು ನಿಜವಾದ ಉದಾಹರಣೆ ಹೇಳ್ತೀನಿ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ ಕೋಟ್ಯಂತರ ವೆಬ್‌ಸೈಟ್‌ಗಳಿಗೆ ಉಚಿತವಾಗಿ ಭದ್ರತಾ ಪ್ರಮಾಣಪತ್ರ ಕೊಡುತ್ತೆ. ಅದನ್ನ ನಿಮ್ಮ ಫೋನ್ ನಂಬಬೇಕಂದ್ರೆ, ಕೊಟ್ಟವರ ಮೂಲಪತ್ರ ಫೋನ್ ಒಳಗಿನ ಪಟ್ಟಿಯಲ್ಲಿ ಇರಬೇಕು. ಆಂಡ್ರಾಯ್ಡ್ 7.1.1ಕ್ಕಿಂತ ಹಳೇ ಫೋನ್‌ಗಳಲ್ಲಿ ಅದು ಇರಲಿಲ್ಲ. ಅಲ್ಲಿ ಕೆಲಸ ನಡೀತಿದ್ದದ್ದು ಐಡೆನ್‌ಟ್ರಸ್ಟ್ ಅನ್ನೋ ಇನ್ನೊಂದು ಸಂಸ್ಥೆಯ ಹಳೇ ಮೂಲಪತ್ರದ ಜಾಮೀನಿನ ಮೇಲೆ. ಆ ಮೂಲಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯೋದಿತ್ತು.

2020ರ ನವೆಂಬರ್‌ನಲ್ಲಿ ಸಂಸ್ಥೆ ಲೆಕ್ಕ ಮುಂದಿಟ್ಟಿತು. ಆಂಡ್ರಾಯ್ಡ್ ಫೋನ್‌ಗಳಲ್ಲಿ ಶೇ 33.8ರಷ್ಟು ಇನ್ನೂ ಹಳೇ ಆವೃತ್ತಿಯಲ್ಲೇ ಇದ್ದವು. ಆದರೆ ಕೆಲವು ದೊಡ್ಡ ಕಂಪನಿಗಳ ಸೈಟ್‌ಗಳಿಗೆ ಅವುಗಳಿಂದ ಬರ್ತಿದ್ದ ಟ್ರಾಫಿಕ್ ಬರೀ ಶೇ 1ರಿಂದ 5. ಇಲ್ಲೇ ಇರೋದು ಸೂಕ್ಷ್ಮ. ಟ್ರಾಫಿಕ್ ಎಣಿಸಿದ್ರೆ ಈ ಜನ ಕಾಣೋದೇ ಇಲ್ಲ. ಫೋನ್ ಎಣಿಸಿದ್ರೆ ಮೂರರಲ್ಲಿ ಒಂದು! ಡೇಟಾ ಕಡಿಮೆ ಬಳಸೋರು ಲೆಕ್ಕದಲ್ಲೂ ಕಡಿಮೆ ಆಗಿಬಿಡ್ತಾರೆ.

ಸಂಸ್ಥೆ ಕೈ ಚೆಲ್ಲಲಿಲ್ಲ. ಅವಧಿ ಮುಗಿದ ಮೂಲಪತ್ರವನ್ನೂ ಹಳೇ ಆಂಡ್ರಾಯ್ಡ್ ನಂಬುತ್ತೆ, ಅದು ಕೊನೆಯ ದಿನಾಂಕ ನೋಡೋದೇ ಇಲ್ಲ. ಇದನ್ನೇ ಬಳಸಿಕೊಂಡು ಐಡೆನ್‌ಟ್ರಸ್ಟ್‌ನಿಂದ ಇನ್ನೂ 3 ವರ್ಷದ ಜಾಮೀನು ಪಡೆದರು. 2023ರ ಹೊತ್ತಿಗೆ ಹೊಸ ಮೂಲಪತ್ರ ನಂಬೋ ಆಂಡ್ರಾಯ್ಡ್ ಫೋನ್‌ಗಳು ಶೇ 93.9ಕ್ಕೆ ಏರಿದ್ವು. ಆಗ ವರ್ಷಕ್ಕೂ ಮೊದಲೇ ಹೇಳಿ, 2024ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿದರು. ಉಳಿದವರಿಗೂ ದಾರಿ ತೋರಿಸಿದ್ದರು: ಫೈರ್‌ಫಾಕ್ಸ್ ಹಾಕ್ಕೊಳ್ಳಿ, ಆ ಬ್ರೌಸರ್ ತನ್ನದೇ ಪಟ್ಟಿ ತರುತ್ತೆ.

ಹಾಗಂತ ಹಳೇದನ್ನ ಎಂದೆಂದಿಗೂ ಹೊತ್ಕೊಂಡು ಹೋಗೋಕೆ ಆಗಲ್ಲ. ಪ್ರತಿ ಆವೃತ್ತಿಗೂ ಪ್ರತ್ಯೇಕ ಪರೀಕ್ಷೆ, ರಿಪೇರಿ ಬೇಕು. ಭದ್ರತಾ ಅಪ್‌ಡೇಟ್ ನಿಂತ ಫೋನ್ ಬಳಸೋರಿಗೂ ಅಪಾಯವೇ. ಬೆಂಬಲ ನಿಲ್ಲಿಸೋದು ತಪ್ಪಲ್ಲ, ಹೇಳದೆ ನಿಲ್ಲಿಸೋದು ತಪ್ಪು.

ನಮ್ಮ ಕೇಳುಗರಲ್ಲಿ ಆ್ಯಪ್ ಮಾಡೋರು ತುಂಬಾ ಜನ ಇದ್ದೀರಿ. ಶೇಕಡಾವಾರು ನೋಡೋ ಮುಂಚೆ ಮೂರು ಪ್ರಶ್ನೆ ಕೇಳ್ಕೊಳ್ಳಿ. ಉಳಿದಿರೋರು ಯಾರು? ಅವರಿಗೆ ಮೊದಲೇ ತಿಳಿಸಿದ್ದೀವಾ? ಅವರಿಗೆ ಬೇರೆ ದಾರಿ ಇದೆಯಾ?

ಮಿಕ್ಕವರಿಗೆ ಒಂದೇ ಕೆಲಸ. ಇವತ್ತು ಮನೆಗೆ ಹೋದಾಗ ಅಮ್ಮನ ಫೋನ್ ಸೆಟ್ಟಿಂಗ್ಸ್ ತೆರೆದು, ಕೊನೆಯ ಭದ್ರತಾ ಅಪ್‌ಡೇಟ್ ಯಾವಾಗ ಬಂದಿತ್ತು ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.